ಮೂವತ್ತು ದಾಟಿದವರಿಗೆ ಸ್ನ್ಯಾಚ್ ಕಲಿಸುವವರಾರು?

‘ಕೋಚ್ ಇಲ್ಲದೆ ಒಲಿಂಪಿಕ್ ಲಿಫ್ಟಿಂಗ್‌ಗೆ ಕೈ ಹಾಕಬೇಡಿ.’ ವೇಟ್‌ಲಿಫ್ಟಿಂಗ್ ಕಲಿಯಬೇಕು ಎಂದು ಯಾರ ಮುಂದೆ ಹೇಳಿದರೂ ಮೊದಲು ಬರುವ ಬುದ್ಧಿಮಾತು ಇದು. ಹೇಳುವವರ ಕಾಳಜಿ ನಿಜವಾದದ್ದೇ. ಆದರೆ ಆ ಮಾತನ್ನು ನಂಬಿ ಕೋಚ್ ಹುಡುಕಲು ಹೊರಟವನಿಗೆ ಮುಂದಿನ ದಾರಿ ಯಾವುದೆಂದು ಯಾರೂ ಹೇಳುವುದಿಲ್ಲ. ಪಿಂಪ್ರಿ-ಚಿಂಚವಾಡದಲ್ಲಿ ಜಿಮ್‌ಗಳಿಗೇನೂ ಬರವಿಲ್ಲ. ವಾಕಡ್, ಪಿಂಪ್ಳೆ ಸೌದಾಗರ್, ಥೇರಗಾಂವ್, ನಿಗಡಿ, ಯಾವ ರಸ್ತೆಗೆ ಹೋದರೂ ಮೊದಲ ಮಹಡಿಯಲ್ಲಿ ಗಾಜಿನ ಗೋಡೆ, ಅದರ ಹಿಂದೆ ಸಾಲಾಗಿ ಟ್ರೆಡ್‌ಮಿಲ್. ನಾನು ಹತ್ತಿಳಿದ ಅಷ್ಟೂ ಜಿಮ್‌ಗಳಲ್ಲಿ ಬಾರ್ ಕೆಳಗೆ ಬಿಡಲು ಒಂದು ಮರದ ವೇದಿಕೆ ಇಲ್ಲ. ‘ಭಾರ ನೆಲಕ್ಕೆ ಹಾಕಬೇಡಿ’ ಎಂಬ ಫಲಕ ಮಾತ್ರ ಎಲ್ಲ ಕಡೆಯೂ ಇದೆ. ಅಲ್ಲಿನ ಟ್ರೇನರ್‌ಗಳಿಗೆ ತೋಳು ದಪ್ಪ ಮಾಡಿಸುವುದು ಗೊತ್ತು, ಸ್ನ್ಯಾಚ್ ಗೊತ್ತಿಲ್ಲ. ಅದು ಅವರ ತಪ್ಪೂ ಅಲ್ಲ, ಕೇಳುವವರೇ ಇಲ್ಲದ ಸರಕನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಆ ಬುದ್ಧಿಮಾತು ಬಾವಿಯೇ ಇಲ್ಲದ ಊರಿನಲ್ಲಿ ನೀರು ಸೋಸಿ ಕುಡಿಯಿರಿ ಎಂದಂತಾಗುತ್ತದೆ. ಅದನ್ನು ಕೇಳಿದ ಹತ್ತರಲ್ಲಿ ಒಂಬತ್ತು ಮಂದಿ ಆಸೆ ಕೈಬಿಡುತ್ತಾರೆ. ಉಳಿದ ಒಬ್ಬ ಮೊಬೈಲ್ ನೋಡಿಕೊಂಡು ಒಬ್ಬನೇ ಶುರು ಮಾಡುತ್ತಾನೆ. ಈ ಒಬ್ಬನ ಬಗ್ಗೆ ನನ್ನ ಮಾತು.

ಗೊತ್ತಿಲ್ಲದವರಿಗಾಗಿ ಎರಡು ಸಾಲು. ಒಲಿಂಪಿಕ್ ವೇಟ್‌ಲಿಫ್ಟಿಂಗ್ ಎಂದರೆ ಎರಡೇ ಎತ್ತುಗಳು. ಸ್ನ್ಯಾಚ್‌ನಲ್ಲಿ ನೆಲದ ಮೇಲಿನ ಬಾರ್ ಒಂದೇ ಓಘದಲ್ಲಿ ತಲೆಯ ಮೇಲೆ ಹೋಗಬೇಕು. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ವರೆಗೆ ಪ್ರೆಸ್ ಎಂಬ ಮೂರನೆಯದೂ ಇತ್ತು, ಆಮೇಲೆ ತೆಗೆದರು. ಪುರುಷರ ಬಾರ್ 20 ಕಿಲೊ, ಮಹಿಳೆಯರದ್ದು 15. ಪ್ರತಿ ಎತ್ತಿಗೆ ಮೂರು ಅವಕಾಶ. ಎರಡರಲ್ಲೂ ಎತ್ತಿದ ಅತಿ ಹೆಚ್ಚಿನ ಭಾರವನ್ನು ಕೂಡಿಸಿ ಫಲಿತಾಂಶ. 2000ದ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ 110 ಮತ್ತು 130 ಸೇರಿಸಿ 240 ಕಿಲೊ ಎತ್ತಿ ಕಂಚು ತಂದಾಗ ನಾವೆಲ್ಲ ಶಾಲೆಯಲ್ಲಿದ್ದೆವು. ಟೋಕಿಯೊದಲ್ಲಿ ಮೀರಾಬಾಯಿ ಚಾನು 87 ಮತ್ತು 115, ಒಟ್ಟು 202 ಕಿಲೊ ಎತ್ತಿ ಬೆಳ್ಳಿ ಗೆದ್ದಾಗ ನಾವು ವರ್ಕ್ ಫ್ರಮ್ ಹೋಮ್‌ನಲ್ಲಿದ್ದೆವು.

ಈ ಕ್ರೀಡೆಯನ್ನು ಬರೀ ಬಲದ ಆಟ ಎಂದುಕೊಳ್ಳುವುದು ಸಹಜ. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಜೋಳದ ಚೀಲ ಎತ್ತುವ ಪಂದ್ಯ ನೋಡಿ ಬೆಳೆದವರಿಗೆ ಭಾರ ಎತ್ತುವುದೆಂದರೆ ಅದೇ ಚಿತ್ರ. ಅಲ್ಲೂ ಪಟ್ಟುಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಕಲ್ಲು ಎತ್ತುವವನು ಅದನ್ನು ತೊಡೆಗೆ ತಂದು, ಎದೆಗೆ ಒತ್ತಿಕೊಂಡು, ಒಂದು ಉಸಿರು ತೆಗೆದುಕೊಂಡು, ಆಮೇಲೆ ಹೆಗಲಿಗೆ ಹಾಕುತ್ತಾನೆ. ನಡುವೆ ಯೋಚಿಸಲು ಸಮಯ ಇರುತ್ತದೆ. ಸ್ನ್ಯಾಚ್‌ನಲ್ಲಿ ಆ ಸಮಯವೇ ಇಲ್ಲ. ಬಾರ್ ನೆಲ ಬಿಟ್ಟಾಗಿನಿಂದ ನೀವು ಅದರ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಕೈ ಚಾಚುವವರೆಗೆ ಹೆಚ್ಚುಕಡಿಮೆ ಒಂದು ಸೆಕೆಂಡು. ಇನ್ನೊಂದು ವಿಚಿತ್ರವೆಂದರೆ ಬಾರ್ ಅಷ್ಟೇನೂ ಎತ್ತರಕ್ಕೆ ಹೋಗಿರುವುದಿಲ್ಲ. ಕಾಲು, ಸೊಂಟದ ಜೋರಿನಿಂದ ಅದು ಮೇಲೆ ತೇಲುವ ಒಂದು ಕ್ಷಣದಲ್ಲಿ ಮನುಷ್ಯ ಕೆಳಗಿಳಿದುಬಿಡುತ್ತಾನೆ. ಎತ್ತುವ ಕಲೆಗಿಂತ ಇಳಿಯುವ ಕಲೆಯೇ ಇಲ್ಲಿ ದೊಡ್ಡದು. ಅದಕ್ಕೇ ಬರೀ ಬಲವಿದ್ದವರು ಸೋಲುತ್ತಾರೆ, ಅದಕ್ಕೇ ಇದನ್ನು ಪಕ್ಕದಲ್ಲಿ ನಿಂತು ನೋಡುವ ಕಣ್ಣೊಂದು ಬೇಕು ಎನ್ನುವುದು.

ಆ ಕಣ್ಣು ಸಿಕ್ಕವರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದಕ್ಕೆ 2022ರ ಜುಲೈ 30ರ ದಿನವನ್ನೇ ನೋಡಬಹುದು. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅಂದು ಭಾರತಕ್ಕೆ ಮೊದಲ ಪದಕ ತಂದವರು ಸಾಂಗಲಿಯ ಸಂಕೇತ್ ಸರ್ಗರ್, 55 ಕಿಲೊ ವಿಭಾಗದಲ್ಲಿ ಬೆಳ್ಳಿ. ಅದೇ ದಿನ 61 ಕಿಲೊ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಕಿಲೊ ಎತ್ತಿ ಕಂಚು ಗೆದ್ದವರು ಕುಂದಾಪುರ ಕಡೆಯ ಗುರುರಾಜ ಪೂಜಾರಿ. ಒಬ್ಬರ ತಂದೆ ಪಾನ್ ಅಂಗಡಿ ನಡೆಸುವವರು, ಇನ್ನೊಬ್ಬರ ತಂದೆ ಪಿಕ್‌ಅಪ್ ವಾಹನದ ಚಾಲಕರು. ಗುರುರಾಜ ಮೊದಲು ಕುಸ್ತಿಯ ಹುಡುಗ. ಉಜಿರೆಯ ಕಾಲೇಜಿಗೆ ಬಂದ ಮೇಲೆ ಅಲ್ಲಿನ ತರಬೇತುದಾರರ ಕಣ್ಣಿಗೆ ಬಿದ್ದು ಬಾರ್ ಹಿಡಿದವರು. 2018ರ ಗೋಲ್ಡ್ ಕೋಸ್ಟ್‌ನಲ್ಲಿ 249 ಕಿಲೊ ಎತ್ತಿ ಆ ಕೂಟದಲ್ಲಿ ಭಾರತದ ಪದಕಪಟ್ಟಿ ತೆರೆದವರೂ ಅವರೇ. ಪುಣೆಯಿಂದ ಊರಿಗೆ ಹೋಗುವ ನಮ್ಮ ಬಸ್ಸುಗಳು ಹಾಯುವ ಸೀಮೆಯ ಹುಡುಗ ಒಬ್ಬ, ನಮ್ಮ ಕರಾವಳಿಯ ಹುಡುಗ ಒಬ್ಬ. ಇಬ್ಬರಿಗೂ ಹದಿಹರೆಯದಲ್ಲೇ ಒಂದು ಅಂಕಣ ಸಿಕ್ಕಿತ್ತು, ಅಲ್ಲೊಬ್ಬರು ಹೇಳಿಕೊಡುವವರಿದ್ದರು. ದುಡ್ಡಿನ ಅನುಕೂಲಕ್ಕಿಂತ ಇದು ದೊಡ್ಡದು ಎಂದು ನನಗನ್ನಿಸುತ್ತದೆ.

ಪುಣೆಯಲ್ಲಿ ಅಂಥ ಜಾಗಗಳಿಲ್ಲವೇ? ಇವೆ. ಹೆದ್ದಾರಿಯಲ್ಲಿ ವಾಕಡ್ ದಾಟಿದರೆ ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕೀರ್ಣ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ್ದು, 2008ರಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವೂ ನಡೆದದ್ದು ಅಲ್ಲೇ. ಊರಿನ ಇನ್ನೊಂದು ತುದಿಗೆ ಸೇನೆಯ ಕ್ರೀಡಾ ಸಂಸ್ಥೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 300 ಕಿಲೊ ಎತ್ತಿ ಚಿನ್ನ ಗೆದ್ದ ಮಿಜೋರಾಮಿನ ಜೆರೆಮಿ ಲಾಲ್‌ರಿನುಂಗಾ ಬಾಲಕನಾಗಿ ಬಂದು ಸೇರಿದ್ದು ಆ ಸಂಸ್ಥೆಗೆ. ಆದರೆ ಇವೆಲ್ಲ ಪದಕದ ಬೆಳೆ ತೆಗೆಯುವ ಹೊಲಗಳು. ಅಲ್ಲಿಗೆ ಬೇಕಾದವರು ಶಾಲಾ ವಯಸ್ಸಿನ ಮಕ್ಕಳು. ಮೂವತ್ತೈದರ ಆಸುಪಾಸಿನ, ಕಂಪನಿಯ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡ ಮನುಷ್ಯ ಬಾಗಿಲಲ್ಲಿ ನಿಂತು ‘ನನಗೂ ಕಲಿಸಿ’ ಎಂದರೆ ಯಾರೂ ಒರಟಾಗಿ ಮಾತಾಡುವುದಿಲ್ಲ. ‘ಮಗನನ್ನು ಸೇರಿಸುತ್ತೀರಾ?’ ಎಂದು ಕೇಳುತ್ತಾರೆ, ಅಷ್ಟೆ.

ಮೂವತ್ತೈದಕ್ಕೆ ಇದೆಲ್ಲ ಯಾಕೆ, ಬೆಳಿಗ್ಗೆ ಎದ್ದು ನಡೆದರೆ ಸಾಲದೆ ಎಂದು ಊರಿನಿಂದ ಅವ್ವ ಕೇಳುತ್ತಲೇ ಇರುತ್ತಾಳೆ. ನಡೆದರೆ ಆರೋಗ್ಯಕ್ಕೆ ಸಾಕು. ಆದರೆ ನಮ್ಮಂಥವರ ಕೆಲಸದಲ್ಲಿ ಒಂದು ತೊಂದರೆಯಿದೆ. ಹೊಸ ಟೂಲ್ ಬರುತ್ತದೆ, ಕಲಿಯುತ್ತೇವೆ, ಮೂರು ವರ್ಷಕ್ಕೆ ಅದು ಹಳತಾಗುತ್ತದೆ. ಮೈಗೆ ಹತ್ತಿದ ವಿದ್ಯೆ ಎಂಬುದೊಂದು ನಮ್ಮಲ್ಲಿ ಅನೇಕರ ಬಳಿ ಇಲ್ಲವೇ ಇಲ್ಲ. ಈಜು, ತಬಲಾ, ಕುಸ್ತಿ, ಯಾವುದಾದರೂ ಸರಿ, ದೇಹ ಒಮ್ಮೆ ಕಲಿತರೆ ಮರೆಯದ ಒಂದು ಕೆಲಸ ಇರಬೇಕು ಎಂಬ ಹಸಿವು ದಿನಕ್ಕೆ ಒಂಬತ್ತು ಗಂಟೆ ಕೂತು ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತು. ಸ್ನ್ಯಾಚ್‌ನ ಇನ್ನೊಂದು ಗುಣವೂ ಇದೆ. ತಲೆಯಲ್ಲಿ ಬೇರೆ ವಿಚಾರ ಇಟ್ಟುಕೊಂಡು ಅದನ್ನು ಮಾಡಲು ಬರುವುದಿಲ್ಲ. ಟ್ರೆಡ್‌ಮಿಲ್ ಮೇಲೆ ಆಫೀಸಿನ ಕಾಲ್ ಮುಗಿಸುವವರನ್ನು ದಿನವೂ ನೋಡುತ್ತೇನೆ. ಸ್ನ್ಯಾಚ್ ಮಾಡುತ್ತ ಕಾಲ್‌ನಲ್ಲಿ ಇರಲಾಗದು.

ಹಾಗಾದರೆ ಕೋಚ್ ಇಲ್ಲದೆ ಕಲಿಯಬಹುದೇ? ಒಂದು ಹಂತದವರೆಗೆ ಖಂಡಿತ ಕಲಿಯಬಹುದು ಎಂಬುದು ನನ್ನ ನಿಲುವು. ಯೂಟ್ಯೂಬ್ ನೋಡಿ ಈಟಿ ಎಸೆಯಲು ಕಲಿತು 2015ರಲ್ಲಿ ಬೀಜಿಂಗ್‌ನಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದ ಕೀನ್ಯಾದ ಜೂಲಿಯಸ್ ಯೆಗೊ ಅವರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅವರು ನಡುವೆ ಫಿನ್ಲೆಂಡಿಗೆ ಹೋಗಿ ಕೋಚ್ ಬಳಿ ಕಲಿತರೆಂಬುದನ್ನು ಯಾರೂ ಹೇಳುವುದಿಲ್ಲ. ನನಗೆ ಅದಕ್ಕಿಂತ ಹತ್ತಿರ ಎನ್ನಿಸುವ ಕಥೆ ಟಾಮಿ ಕೊನೊ ಅವರದ್ದು. ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮೂಲದ, ಆಸ್ತಮಾ ಇದ್ದ ಸಣಕಲು ಹುಡುಗ. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ಅಟ್ಟಿದಾಗ ಅವನ ಕುಟುಂಬ ಸೇರಿದ್ದು ಟೂಲ್ ಲೇಕ್ ಎಂಬ ಶಿಬಿರಕ್ಕೆ. ಅಲ್ಲಿ ನೆರೆಮನೆಯ ಹುಡುಗರು ಅವನಿಗೆ ಭಾರ ಎತ್ತುವುದನ್ನು ತೋರಿಸಿಕೊಟ್ಟರು. ಆ ಹುಡುಗ ಮುಂದೆ 1952ರಲ್ಲಿ ಹೆಲ್ಸಿಂಕಿಯಲ್ಲಿ, 1956ರಲ್ಲಿ ಮೆಲ್ಬರ್ನ್‌ನಲ್ಲಿ ಚಿನ್ನ, 1960ರಲ್ಲಿ ರೋಮ್‌ನಲ್ಲಿ ಬೆಳ್ಳಿ ಗೆದ್ದ. ಈ ಕಥೆಯಲ್ಲಿ ನನಗೆ ಮುಖ್ಯ ಎನ್ನಿಸುವುದು ಆ ನೆರೆಮನೆಯ ಹುಡುಗರು. ಶುರುವಿನಲ್ಲಿ ಅವನ ಪಾಲಿಗೆ ಬಂದ ಕಣ್ಣು ಕೋಚ್‌ಗಳದ್ದಲ್ಲ, ಜೊತೆಗಾರರದ್ದು. ಅದೂ ಒಂದು ಕಣ್ಣೇ.

ನಮ್ಮ ಗುಂಪಿನಲ್ಲಿ ನಾಲ್ವರು. ಇಬ್ಬರು ಹಿಂಜವಡಿಯ ಕಂಪನಿಗಳಲ್ಲಿ ಸಾಫ್ಟ್‌ವೇರ್, ಒಬ್ಬರು ಬ್ಯಾಂಕು, ಇನ್ನೊಬ್ಬರು ಗದಗ ಕಡೆಯವರು, ಭೋಸರಿ ಎಂಐಡಿಸಿಯಲ್ಲಿ ಸಿಎನ್‌ಸಿ ಮಷಿನ್ ಮೇಲೆ ಕೆಲಸ. ಕೊನೆಯವರಿಂದಾಗಿ ನಮಗೆ ಒಂದು ಶೆಡ್ಡಿನ ಮೂಲೆ ಸಿಕ್ಕಿತು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿ.ಮೀ. ಪ್ಲೈವುಡ್ ಹಾಳೆ ನಾಲ್ಕು. ಕೆಳಗೆ ಎರಡು ಉದ್ದಕ್ಕೆ, ಮೇಲೆ ಎರಡು ಅಡ್ಡಕ್ಕೆ ಇಟ್ಟು ಸ್ಕ್ರೂ ಹಾಕಿದರೆ ಎಂಟಡಿ ಚೌಕದ ವೇದಿಕೆ. ಬಾರ್ ಬೀಳುವ ಎರಡೂ ಬದಿಗೆ ರಬ್ಬರ್ ಹಾಸು. ಪಂದ್ಯದ ವೇದಿಕೆ ನಾಲ್ಕು ಮೀಟರ್ ಚೌಕ ಇರುತ್ತದೆ, ನಮಗೆ ಅಷ್ಟು ಬೇಕಿಲ್ಲ.

ಸಲಕರಣೆಯ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಒಬ್ಬರೇ ಕಲಿಯುವವರು ತಮ್ಮ ಮೈಯನ್ನು ದೂರುವ ಎಷ್ಟೋ ತೊಂದರೆಗಳ ಮೂಲ ಕಬ್ಬಿಣದಲ್ಲಿರುತ್ತದೆ. ಪಂದ್ಯದ ದೊಡ್ಡ ಪ್ಲೇಟುಗಳ ವ್ಯಾಸ 450 ಮಿ.ಮೀ., ಹಾಗಾಗಿ ಬಾರ್ ನೆಲದಿಂದ 225 ಮಿ.ಮೀ. ಮೇಲಿರುತ್ತದೆ. ಜಿಮ್‌ನ ಚಿಕ್ಕ ಐದು ಕಿಲೊ ಪ್ಲೇಟು ಹಾಕಿದರೆ ಬಾರ್ ಅದಕ್ಕಿಂತ ಎಷ್ಟೋ ಕೆಳಗೆ. ಕಲಿಯುವವನು ಬಾಗಿ, ಬೆನ್ನು ಗೂನು ಮಾಡಿ ಹಿಡಿಯುತ್ತಾನೆ, ಆಮೇಲೆ ‘ನನ್ನ ಸೊಂಟ ಬಿಗಿ’ ಎನ್ನುತ್ತಾನೆ. ಎರಡು ಮರದ ದಿಮ್ಮಿಯ ಮೇಲೆ ಬಾರ್ ಇಟ್ಟರೆ ಅರ್ಧ ಬಿಗಿ ಅಲ್ಲೇ ಕರಗುತ್ತದೆ. ಇನ್ನೊಂದು, ಬಾರಿನ ತುದಿಯ ತೋಳುಗಳು ತಿರುಗಬೇಕು. ಮುಂಗೈ ಮಗುಚುವಾಗ ಪ್ಲೇಟುಗಳು ಹಾಗೇ ನಿಂತು ಬಾರ್ ಮಾತ್ರ ತಿರುಗಿದರೆ ಮಣಿಕಟ್ಟು ಉಳಿಯುತ್ತದೆ. ಜಿಮ್‌ಗಳ ಹಳೆಯ ಬಾರ್‌ಗಳಲ್ಲಿ ಒಳಗಿನ ಬುಷ್ ಒಣಗಿ ಹಿಡಿದುಕೊಂಡಿರುತ್ತದೆ. ನಮ್ಮ ಗದಗಿನವರು ಸರ್ಕ್ಲಿಪ್ ತೆಗೆದು, ಬುಷ್ ಒರೆಸಿ, ಎಣ್ಣೆ ಬಿಟ್ಟು ಅರ್ಧ ಗಂಟೆಯಲ್ಲಿ ಅದನ್ನು ಹೊಸದರಂತೆ ಮಾಡಿದರು. ಕಾರ್ಖಾನೆಗಳ ಊರಿನಲ್ಲಿ ಇರುವುದರ ಲಾಭ.

ಇನ್ನು ಕಲಿಕೆ. ಇದರಲ್ಲಿ ಮೊದಲ ಪಾಠ ಎತ್ತುವುದಲ್ಲ, ಬಿಡುವುದು. ಸ್ನ್ಯಾಚ್ ನೋಡಲು ಭಯವಾದರೂ ಬಿಡಲು ಸುಲಭ. ಬಾರ್ ಮುಂದೆ ಬಿದ್ದರೆ ನೀವು ಹಿಂದೆ, ಹಿಂದೆ ಬಿದ್ದರೆ ನೀವು ಮುಂದೆ. ಕೈ ನೆಟ್ಟಗಿಟ್ಟು ಬಾರನ್ನು ಬಿಟ್ಟು ಸರಿಯಬೇಕು, ಅಷ್ಟೆ. ಕ್ಲೀನ್‌ನಲ್ಲಿ ಅಪಾಯ ಬೇರೆ. ಕೆಳಗೆ ಕೂತಾಗ ಮೊಳಕೈ ತೊಡೆಗೆ ತಾಗಿದರೆ ಮಣಿಕಟ್ಟಿಗೆ ಪೆಟ್ಟು. ಅದಕ್ಕೆ ಮೊಳಕೈ ಮೇಲೆತ್ತುವ ಅಭ್ಯಾಸ ಪೈಪಿನಲ್ಲೇ ಗಟ್ಟಿಯಾಗಬೇಕು. ಹಾರ್ಡ್‌ವೇರ್ ಅಂಗಡಿಯ ಒಂದಿಂಚಿನ ಪ್ಲಾಸ್ಟಿಕ್ ಪೈಪ್ ಸಾಕು. ಬರೀ ಬಾರ್ ಹಿಡಿದು, ಬೇಕೆಂದೇ ಐವತ್ತು ಸಲ ಮುಂದಕ್ಕೆ, ಐವತ್ತು ಸಲ ಹಿಂದಕ್ಕೆ ಬೀಳಿಸಿದ ಮೇಲೆ ಭಾರ ಹಾಕಬಹುದು. ಜಿಮ್‌ಗಳ ಆ ಫಲಕ ನೆನಪಾಗುವುದು ಇಲ್ಲಿ. ಬಿಡಲು ಅವಕಾಶವೇ ಇಲ್ಲದ ಜಾಗದಲ್ಲಿ ಸ್ನ್ಯಾಚ್ ಕಲಿಯಬಾರದು. ಬಿಡಲು ಹೆದರುವವನು ಬೀಳುತ್ತಿರುವ ಬಾರನ್ನು ಹಿಡಿಯಲು ಹೋಗುತ್ತಾನೆ, ಭುಜ ಹೋಗುವುದು ಆಗ.

ಎರಡನೆಯದು, ಕೊನೆಯಿಂದ ಮೊದಲಿಗೆ ಕಲಿಯುವುದು. ತಲೆಯ ಮೇಲೆ ಬಾರ್ ಹಿಡಿದು ಕುಕ್ಕರಿಸಿ ಕೂರಲು ಬರಬೇಕು ಮೊದಲು. ಆಮೇಲೆ ತೊಡೆ ಸಂದಿನಿಂದ, ಆಮೇಲೆ ಮಂಡಿಯಿಂದ, ಕಟ್ಟಕಡೆಗೆ ನೆಲದಿಂದ. ನಮ್ಮವರಿಗೆ ಕೂರುವುದು ಕಷ್ಟವಾಗಬಾರದು, ಊರಿನ ಹಿತ್ತಲಲ್ಲಿ ಹಾಗೆ ಕೂತೇ ಬೆಳೆದವರಲ್ಲವೇ. ನಾಲ್ವರಲ್ಲಿ ಮೂವರ ಕಾಲಿಗೆ ಆ ನೆನಪು ಇನ್ನೂ ಇತ್ತು. ಕೆಟ್ಟಿದ್ದು ಮೇಲುಬೆನ್ನು. ಲ್ಯಾಪ್‌ಟಾಪ್ ಮುಂದೆ ಬಾಗಿದ ಹೆಗಲುಗಳು ತಲೆಯ ಹಿಂದಕ್ಕೆ ಹೋಗಲು ಒಪ್ಪುವುದಿಲ್ಲ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಬೇರೆ ದಾರಿಯಿಲ್ಲ.

ಮೂರನೆಯದು ಕ್ಯಾಮೆರಾ. ಮೊಬೈಲನ್ನು ಸೊಂಟದ ಎತ್ತರಕ್ಕೆ, ಪಕ್ಕದಿಂದ, ಏಳೆಂಟು ಹೆಜ್ಜೆ ದೂರದಲ್ಲಿ ನಿಲ್ಲಿಸಬೇಕು. ಹತ್ತಿರದಲ್ಲಿ ನೆಲದ ಮೇಲೆ ಒರಗಿಸಿಟ್ಟರೆ ಚಿತ್ರ ಸುಳ್ಳು ಹೇಳುತ್ತದೆ. ಮಾಮೂಲಿ ವಿಡಿಯೊದಲ್ಲಿ ಸೆಕೆಂಡಿಗೆ ಸುಮಾರು 30 ಚಿತ್ರಗಳು, ಸ್ಲೋ ಮೋಷನ್‌ನಲ್ಲಿ 240. ಇಡೀ ಎತ್ತು ಒಂದು ಸೆಕೆಂಡಿನ ಆಟವಾದ್ದರಿಂದ ಆ ವ್ಯತ್ಯಾಸ ಸಣ್ಣದಲ್ಲ. ವಿಡಿಯೊ ಕಲಿಸುವ ಮೊದಲ ಸತ್ಯವೆಂದರೆ ನಮ್ಮ ಮೈ ಹೇಳುವುದನ್ನು ನಂಬಬಾರದು ಎಂಬುದು. ಬಾರ್ ಮೈಗೆ ತಾಗಿಕೊಂಡೇ ಬಂತು ಎಂದು ಅನ್ನಿಸಿರುತ್ತದೆ, ಚಿತ್ರದಲ್ಲಿ ಗೇಣು ದೂರ ಹೋಗಿರುತ್ತದೆ.

ಆದರೆ ವಿಡಿಯೊಗೆ ಒಂದು ಮಿತಿಯಿದೆ. ಎಂ.ಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಹೊಸತೇನಲ್ಲ. ತಿದ್ದುವ ಸೂಚನೆ ತಡವಾಗಿ ಬಂದರೆ ವ್ಯವಸ್ಥೆ ಸ್ಥಿರವಾಗುವ ಬದಲು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಾಡುತ್ತದೆ. ಬಾರ್ ಕೆಳಗಿಟ್ಟು, ಕೈ ಒರೆಸಿ, ಮೊಬೈಲ್ ತೆಗೆದು ನೋಡುವಷ್ಟರಲ್ಲಿ ಮೈ ಆ ಎತ್ತನ್ನು ಮರೆತಿರುತ್ತದೆ. ಮುಂದಕ್ಕೆ ಹೋಯಿತು ಎಂದು ತಿದ್ದಿದರೆ ಮುಂದಿನದು ಹಿಂದಕ್ಕೆ ಬೀಳುತ್ತದೆ. ಅದಕ್ಕೆ ನಾವು ಮಾಡಿಕೊಂಡ ನಿಯಮ, ಒಂದು ದಿನಕ್ಕೆ ಒಂದೇ ತಿದ್ದುಪಡಿ. ಐದು ಎತ್ತಿನಲ್ಲಿ ನಾಲ್ಕು ಸರಿ ಬಾರದೆ ಭಾರ ಏರಿಸುವಂತಿಲ್ಲ. ಇದನ್ನು ಬಾರ್ ಹಿಡಿಯುವ ಮೊದಲೇ ಪುಸ್ತಕದಲ್ಲಿ ಬರೆದಿಡುತ್ತೇವೆ, ಉತ್ಸಾಹ ಬಂದ ಮೇಲೆ ಯಾರ ಮಾತನ್ನು ಯಾರೂ ಕೇಳುವುದಿಲ್ಲ.

ಭಾಷೆಯದ್ದೂ ಒಂದು ಮಾತು. ವಿಡಿಯೊಗಳಲ್ಲಿ ಇಂಗ್ಲಿಷಿನಲ್ಲಿ ಕೊಡುವ ಸೂಚನೆಗಳು ತಲೆಗೆ ಹೋಗುತ್ತವೆ, ಮೈಗೆ ಇಳಿಯುವುದಿಲ್ಲ. ಕೈ ಬೇಗ ಮಡಚುವುದು ಹೊಸಬರ ಸಾಮಾನ್ಯ ದೋಷ. ಎಷ್ಟು ವಿವರಿಸಿದರೂ ಬಾರದಿದ್ದದ್ದು ಗದಗಿನವರ ಒಂದು ಮಾತಿಗೆ ಬಂತು. ‘ಕೈ ಬರೇ ಹಗ್ಗರೀ, ಎಳಿಯೂದು ಎತ್ತು. ಎತ್ತು ಅಂದ್ರ ಕಾಲು.’ ಭಾರ ಎತ್ತುವುದಕ್ಕೂ ಹೊಲದ ಎತ್ತಿಗೂ ಒಂದೇ ಪದ ಇಟ್ಟುಕೊಂಡ ಭಾಷೆ ನಮ್ಮದು, ಇಷ್ಟು ದಿನ ಉಪಯೋಗಿಸಿಕೊಂಡಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೋಚ್ ಇಲ್ಲದೆ ಆಗುವಂಥದ್ದು. ಆಗದಿರುವುದು ಯಾವುದೆಂದು ತಿಳಿದದ್ದು ನಮ್ಮ ಬ್ಯಾಂಕಿನವರಿಂದ. ಸ್ನ್ಯಾಚ್ ಮಾಡುವಾಗ ಪ್ರತಿಸಲ ಅವರು ಒಂದು ಹೆಜ್ಜೆ ಮುಂದಕ್ಕೆ ಜಿಗಿಯುತ್ತಿದ್ದರು. ಹುಡುಕಿದರೆ ಇದಕ್ಕೆ ಐದು ಕಾರಣ ಸಿಗುತ್ತವೆ. ಸೊಂಟ ಮೊದಲು ಏಳುವುದು, ಬಾರ್ ಕಣಕಾಲಿನಿಂದ ದೂರವಾಗುವುದು, ಕೈ ಬೇಗ ಮಡಚುವುದು, ತೊಡೆಯಿಂದ ಬಾರನ್ನು ಮುಂದಕ್ಕೆ ಗುದ್ದುವುದು, ಕೆಳಗೆ ನೋಡುವುದು. ಐದೂ ನಿಜವೇ, ಐದೂ ಅವರ ವಿಡಿಯೊದಲ್ಲಿ ಚೂರು ಚೂರು ಕಾಣುತ್ತಿದ್ದವು. ಒಂದೊಂದಾಗಿ ತಿದ್ದುತ್ತ ಐದು ವಾರ ಹೋದವು, ಜಿಗಿತ ಹಾಗೇ ಉಳಿಯಿತು. ಆಗ ನಮ್ಮ ಶೆಡ್ಡಿನ ಮಾಲೀಕರ ಪರಿಚಯದ ಹಿರಿಯರೊಬ್ಬರು ಬಂದರು. ದೇಹೂ ರೋಡ್ ಕಡೆಯವರು, ತಮ್ಮ ಕಾಲದಲ್ಲಿ ಇಲಾಖೆಯ ಪರವಾಗಿ ಪಂದ್ಯಗಳಲ್ಲಿ ಎತ್ತಿದವರು, ಈಗ ನಿವೃತ್ತರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೂರು ಎತ್ತು ನೋಡಿದರು. ಮೊಬೈಲ್ ತೋರಿಸಲು ಹೋದರೆ ಬೇಡ ಎಂದು ಕೈ ಆಡಿಸಿದರು. ನಾಲ್ಕನೆಯದಕ್ಕೆ, ಬಾರ್ ನೆಲ ಬಿಡುವ ಮೊದಲೇ, ‘ಟಾಚ್! ಟಾಚ್ ಬಘ, ಬಾಳಾ!’ ಎಂದು ಕೂಗಿದರು. ಹಿಮ್ಮಡಿ ನೋಡು ಎಂದು. ಬಾರ್ ನೆಲ ಬಿಡುವ ಗಳಿಗೆಯಲ್ಲೇ ಅವರ ಮೈಭಾರ ಕಾಲಬೆರಳಿಗೆ ಹೋಗುತ್ತಿತ್ತು, ಉಳಿದ ಐದೂ ಅದರ ಮಕ್ಕಳು. ಹತ್ತು ನಿಮಿಷದಲ್ಲಿ ಜಿಗಿತ ಅರ್ಧಕ್ಕಿಳಿಯಿತು.

ಮಾಹಿತಿಗೆ ಇಂದು ಬರವಿಲ್ಲ. ಆ ಹಿರಿಯರು ಹೇಳಿದ ಮಾತು ಯಾವ ವಿಡಿಯೊದಲ್ಲಾದರೂ ಸಿಗುತ್ತದೆ. ಐದು ನಿಜಗಳಲ್ಲಿ ಇವನಿಗೆ ಇವತ್ತು ಬೇಕಾದ ನಿಜ ಯಾವುದು ಎಂದು ಆರಿಸುವುದು ಮಾತ್ರ ವಿಡಿಯೊದಲ್ಲಿಲ್ಲ. ಗರಡಿಮನೆಯ ಉಸ್ತಾದರು ಹೆಚ್ಚು ಮಾತಾಡುತ್ತಿರಲಿಲ್ಲ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದು ಈ ಕಾರಣಕ್ಕೇ ಇರಬೇಕು. ತಾಲೀಮು ಎಂಬ ಪದ ಇಲ್ಲಿ ಮರಾಠಿಯಲ್ಲಿ ಪೈಲ್ವಾನರ ಮನೆಗೇ ಹೆಸರು, ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯೂ ಹಾಗೆ ಬಳಸುವವರಿದ್ದಾರೆ. ಕಲಿಕೆಗೂ ಕಲಿಯುವ ಜಾಗಕ್ಕೂ ಒಂದೇ ಪದ. ಒಬ್ಬನೇ ಮನೆಯಲ್ಲಿ ಮಾಡುವುದಕ್ಕೆ ಆ ಪದ ಒಗ್ಗುವುದಿಲ್ಲ.

ಕೋಚ್‌ನ ಇನ್ನೊಂದು ಕೆಲಸ ‘ಇವತ್ತಿಗೆ ಸಾಕು’ ಎನ್ನುವುದು. ಸಂಕೇತ್ ಸರ್ಗರ್ ಅವರನ್ನೇ ನೋಡಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ನ್ಯಾಚ್‌ನಲ್ಲಿ 113 ಎತ್ತಿ ಮುಂದಿದ್ದರು. ಜರ್ಕ್‌ನಲ್ಲಿ 135 ಆಯಿತು. 139ಕ್ಕೆ ಹೋದಾಗ ಬಲ ಮೊಳಕೈಗೆ ಪೆಟ್ಟಾಯಿತು. ಆ ಮೊಳಕೈಯಲ್ಲೇ ಮೂರನೇ ಸಲವೂ ಬಂದು ನಿಂತರು, ಆಗಲಿಲ್ಲ. 248 ಕಿಲೊ. ಮಲೇಷ್ಯಾದವರು 249 ಎತ್ತಿ ಚಿನ್ನ ಒಯ್ದರು. ಒಂದು ಕಿಲೊ ಅಂತರದ ಚಿನ್ನ ಎದುರಿದ್ದಾಗ, ದೇಶದ ಹೆಸರು ಎದೆಯ ಮೇಲಿದ್ದಾಗ ಅದು ಅವರ ಆಯ್ಕೆ, ನಾನು ತಲೆಬಾಗುತ್ತೇನೆ. ಆದರೆ ಸೋಮವಾರ ಬೆಳಿಗ್ಗೆ ಕೀಬೋರ್ಡ್ ಒತ್ತಬೇಕಾದ, ಸಂಜೆ ಮಗಳನ್ನು ಎತ್ತಿಕೊಳ್ಳಬೇಕಾದ ಕೈಗಳು ನಮ್ಮವು. ನಮ್ಮಲ್ಲಿ ಮೂರನೇ ಯತ್ನಕ್ಕೆ ಯಾವ ಅರ್ಥವೂ ಇಲ್ಲ. ವಿಚಿತ್ರವೆಂದರೆ ಅದನ್ನು ಮಾಡುವವರು ನಾವೇ ಹೆಚ್ಚು, ಏಕೆಂದರೆ ನಮ್ಮನ್ನು ತಡೆಯಲು ಅಲ್ಲಿ ಯಾರೂ ಇರುವುದಿಲ್ಲ. ಒಬ್ಬರೇ ಇರುವ ದಿನ ನಮ್ಮಲ್ಲಿ ಯಾರೂ ಬಾರ್ ಮುಟ್ಟುವುದಿಲ್ಲ. ಪೈಪ್ ಮಾತ್ರ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಪಿಂಪ್ರಿ-ಚಿಂಚವಾಡ ಮಹಾನಗರ ಪಾಲಿಕೆ ನಡೆಸುವ ವ್ಯಾಯಾಮಶಾಲೆಗಳಿವೆ. ನಮ್ಮ ಕರ್ನಾಟಕದ ಜಿಲ್ಲಾ ಕ್ರೀಡಾಂಗಣಗಳಲ್ಲೂ ಜಿಮ್‌ಗಳಿವೆ. ಎಲ್ಲದರಲ್ಲೂ ಬೇಡ, ಪ್ರಭಾಗಕ್ಕೊಂದರಲ್ಲಿ, ತಾಲ್ಲೂಕಿಗೊಂದರಲ್ಲಿ ಒಂದು ಮರದ ವೇದಿಕೆ, ಒಂದು ತಿರುಗುವ ಬಾರ್, ರಬ್ಬರ್ ಪ್ಲೇಟು, ವಾರಕ್ಕೆ ಎರಡು ಸಂಜೆ ವಯಸ್ಕರಿಗೆ ಬಿಡಲಿ. ಕಲಿಸುವವರು ಎಲ್ಲಿ ಎಂದರೆ, ರೈಲ್ವೆ, ಸೇನೆ, ಪೊಲೀಸ್, ಕಾರ್ಖಾನೆಗಳಿಂದ ನಿವೃತ್ತರಾದ ಹಳೆಯ ಲಿಫ್ಟರ್‌ಗಳು ಪ್ರತಿ ಊರಿನಲ್ಲೂ ಸಿಗುತ್ತಾರೆ. ಇಲ್ಲಿ ದೇಹೂ ರೋಡ್, ಖಡಕಿ ಕಡೆ ಇದ್ದಂತೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಇರುವವರೇ. ಅವರ ಕಣ್ಣಿಗೆ ಕೆಲಸವಿಲ್ಲ, ನಮಗೆ ಕಣ್ಣಿಲ್ಲ. ವಯಸ್ಕರಿಂದ ಶುಲ್ಕ ತೆಗೆದುಕೊಳ್ಳಲಿ, ನಾವು ಕೊಡಬಲ್ಲೆವು. ಆ ಹಣದಲ್ಲಿ ಅದೇ ವೇದಿಕೆಯ ಮೇಲೆ ಬೆಳಗಿನ ಹೊತ್ತು ಮಕ್ಕಳಿಗೆ ಉಚಿತವಾಗಿ ಕಲಿಸಲಿ. ಅಪ್ಪ ಅಮ್ಮ ಎತ್ತುವುದನ್ನು ನೋಡಿದ ಮಕ್ಕಳನ್ನು ಹುಡುಕಿಕೊಂಡು ಹೋಗಬೇಕಾಗುವುದಿಲ್ಲ, ತಾವಾಗಿಯೇ ಬರುತ್ತಾರೆ.

ಹೊರನಾಡಿನ ಕನ್ನಡ ಸಂಘಗಳಿಗೂ ಇದನ್ನೇ ಹೇಳುತ್ತೇನೆ. ರಾಜ್ಯೋತ್ಸವಕ್ಕೆ ಹಗ್ಗಜಗ್ಗಾಟ, ರಂಗೋಲಿ, ಕ್ರಿಕೆಟ್ ಎಲ್ಲ ಇರಲಿ. ಅದರ ಜೊತೆಗೆ ನಾಲ್ಕು ಪ್ಲೈವುಡ್ ಹಾಳೆ ಹಾಸಲು ಒಂದು ಮೂಲೆ ಸಿಕ್ಕರೆ ಸಾಕು. ಸಿಗುವವರೆಗೆ, ಒಬ್ಬರೇ ಶುರು ಮಾಡಿದವರು ಎರಡನೆಯವರನ್ನು ಹುಡುಕಿಕೊಳ್ಳಿ. ಅವರಿಗೆ ಲಿಫ್ಟಿಂಗ್ ಗೊತ್ತಿರಬೇಕೆಂದಿಲ್ಲ. ನಿಮ್ಮ ಹಿಮ್ಮಡಿ ನೆಲ ಬಿಟ್ಟಿತೇ ಇಲ್ಲವೇ ಎಂದು ನೋಡಿ ಹೇಳುವಷ್ಟು ಕಣ್ಣು ಎಲ್ಲರಿಗೂ ಇರುತ್ತದೆ. ನಮ್ಮ ಹಿರಿಯರು ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಬರುತ್ತಾರೆ. ಸಂಬಳ ಬೇಡ ಎಂದಿದ್ದಾರೆ, ಮನೆಯಿಂದ ಕರೆತಂದು ಬಿಡಬೇಕು, ಏಳು ಗಂಟೆಗೆ ಚಹಾ ತಯಾರಿರಬೇಕು, ಮೊಬೈಲ್ ಜೇಬಿನಲ್ಲಿರಬೇಕು.